ಆ್ಯಪ್ ತಾನಾಗಿಯೇ ಮುಚ್ಚಿಹೋಗುತ್ತಿದೆಯಾ? ಮೆಮೊರಿ ಕ್ರ್ಯಾಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್‌ನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಕೊಡಗಿನ ತೋಟಗಳಿಗೆ ಅದು ಕೊಯ್ಲಿನ ಕಾಲ, ನಮಗೆ ಫೋನ್ ಕಾಲ್‌ಗಳ ಕಾಲ. ಮಡಿಕೇರಿಯಲ್ಲಿ ಒಂದು ಅಂಗಡಿಯ ಮೇಲಿನ ರೂಮಿನಲ್ಲಿ ಕೂತು ನಾವು ಮೂರು ಜನ ತೋಟಗಳಿಗೆ ಆ್ಯಪ್ ಮಾಡಿಕೊಡುತ್ತೇವೆ. ಸಂಜೆ ಕಣದಲ್ಲಿ ಹಣ್ಣು ತೂಗಿ ಯಾರು ಎಷ್ಟು ಕೆಜಿ ಕೊಯ್ದರು ಅಂತ ಬರೆದುಕೊಳ್ಳುವುದು, ವಾರದ ಕೂಲಿ ಲೆಕ್ಕ, ಗಿಡಕ್ಕೆ ರೋಗ ಕಂಡರೆ ಒಂದು ಫೋಟೋ. ಅಷ್ಟೇ ಕೆಲಸ. ಆದರೂ ಸಂಜೆ ಆರಕ್ಕೆ ಸರಿಯಾಗಿ ಯಾವುದೋ ತೋಟದ ರೈಟರ್ (ಲೆಕ್ಕ ಬರೆಯುವವರು) ಫೋನ್ ಮಾಡುತ್ತಾರೆ: "ಸಾರ್, ಆ್ಯಪ್ ಅದರ ಪಾಡಿಗೆ ಅದು ಮುಚ್ಚಿಹೋಯ್ತು."

ಕುಶಾಲನಗರ, ಪೊನ್ನಂಪೇಟೆ ಕಡೆಯಿಂದ ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರು, ಬೆಂಗಳೂರು ಬಿಟ್ಟು ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡುವ ಗೆಳೆಯರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳು ಆಂಡ್ರಾಯ್ಡ್ ಕಡೆಗೆ ಸ್ವಲ್ಪ ಜಾಸ್ತಿ ವಾಲಿವೆ. ರೈಟರ್ ಕೈಯಲ್ಲಿರುವುದು ಆಂಡ್ರಾಯ್ಡ್, ಐಫೋನ್ ಇರುವುದು ತೋಟದ ಮಾಲೀಕರ ಕೈಯಲ್ಲಿ. ಮಾಲೀಕರು ಆ್ಯಪ್ ತೆರೆಯುವುದು ತಿಂಗಳಿಗೊಮ್ಮೆ.

ಕ್ರ್ಯಾಶ್ ಆಗಿದ್ದು ಮೆಮೊರಿಯಿಂದಲೇ ಅಂತ ಗೊತ್ತಾಗುವುದು ಹೇಗೆ?

ಆ್ಯಪ್ ಸತ್ತ ರೀತಿ ನೋಡಬೇಕು. ಮೆಮೊರಿಯಿಂದ ಸಾಯುವುದರಲ್ಲಿ ಮೂರು ಬಗೆ ಇದೆ. ಒಂದನ್ನು ಇನ್ನೊಂದು ಅಂದುಕೊಂಡರೆ ವಾರಗಟ್ಟಲೆ ಸುಮ್ನೆ ಹುಡುಕುತ್ತಿರುತ್ತೀರಿ.

ಮೊದಲನೆಯದು ಔಟ್ ಆಫ್ ಮೆಮೊರಿ ಎರರ್. ಆ್ಯಪ್ ಮೆಮೊರಿ ಕೇಳಿತು, ಅದಕ್ಕೆ ಗೊತ್ತು ಮಾಡಿದ್ದ ಮಿತಿ ಮುಗಿದಿತ್ತು, ಸಿಗಲಿಲ್ಲ. ಇದು ಆಂಡ್ರಾಯ್ಡ್‌ನ ಲಾಗ್ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ಕಾಣುತ್ತದೆ, ಕ್ರ್ಯಾಶ್ ರಿಪೋರ್ಟ್‌ನಲ್ಲೂ ಬರುತ್ತದೆ. ಮೂರರಲ್ಲಿ ಪ್ರಾಮಾಣಿಕ ಸಾವು ಅಂದರೆ ಇದೇ.

ಎರಡನೆಯದರಲ್ಲಿ ಸಿಸ್ಟಮ್ಮೇ ಬಂದು ಕೊಲ್ಲುತ್ತದೆ. ಇಡೀ ಫೋನಿಗೇ ಮೆಮೊರಿ ಸಾಲದಿದ್ದಾಗ ಆಂಡ್ರಾಯ್ಡ್‌ನ ಲೋ ಮೆಮೊರಿ ಕಿಲ್ಲರ್, ಐಫೋನ್‌ನಲ್ಲಾದರೆ ಜೆಟ್‌ಸ್ಯಾಮ್, ಯಾವುದಾದರೂ ಆ್ಯಪ್ ಆರಿಸಿ ಮುಗಿಸಿಬಿಡುತ್ತದೆ. ನಿಮ್ಮ ಕೋಡ್‌ಗೆ ಕೊನೆಯ ಮಾತು ಹೇಳಲೂ ಬಿಡುವುದಿಲ್ಲ. ಹಾಗಾಗಿ ಸ್ಟ್ಯಾಕ್ ಟ್ರೇಸ್ (ಬಿದ್ದಾಗ ಕೋಡ್ ಯಾವ ಸಾಲಿನಲ್ಲಿತ್ತು ಅನ್ನುವ ಪಟ್ಟಿ) ಇರುವುದಿಲ್ಲ, ಎಷ್ಟೋ ಕ್ರ್ಯಾಶ್ ರಿಪೋರ್ಟ್ ಟೂಲ್‌ಗಳಲ್ಲಿ ಒಂದು ಗೆರೆಯೂ ಬಂದಿರುವುದಿಲ್ಲ. "ಡ್ಯಾಶ್‌ಬೋರ್ಡ್ ಕ್ಲೀನ್ ಇದೆ, ಆದರೆ ಜನ ಬೈಯುತ್ತಿದ್ದಾರೆ" ಅನ್ನುವ ಪರಿಸ್ಥಿತಿ ಇದ್ದರೆ ಮೊದಲು ಇದನ್ನು ಅನುಮಾನಿಸಿ.

ಮೂರನೆಯದು ನೇಟಿವ್ ಕ್ರ್ಯಾಶ್, ಹೆಚ್ಚಾಗಿ ಸಿ, ಸಿ ಪ್ಲಸ್ ಪ್ಲಸ್ ಥರದ ಭಾಷೆಯಲ್ಲಿ ಬರೆದ ಕೋಡ್‌ನದು. ಮೆಮೊರಿ ಬೇಕಾದಷ್ಟಿರುತ್ತದೆ, ಕೋಡ್ ತನ್ನದಲ್ಲದ ವಿಳಾಸಕ್ಕೆ ಕೈ ಹಾಕಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಸಿಗ್‌ಸೆಗ್‌ವಿ ಅಂತಲೂ ಐಫೋನ್‌ನಲ್ಲಿ ಬ್ಯಾಡ್ ಆ್ಯಕ್ಸೆಸ್ ಅಂತಲೂ ಕಾಣುತ್ತದೆ.

ಎರಡನೆಯದನ್ನು ಹಿಡಿಯಲು ಆಂಡ್ರಾಯ್ಡ್ 11ರಿಂದ ಒಂದು ಒಳ್ಳೆ ದಾರಿ ಇದೆ. ಅಪ್ಲಿಕೇಶನ್ ಎಕ್ಸಿಟ್ ಇನ್ಫೋ ಅನ್ನುವ ಎಪಿಐ ಬಳಸಿ, ಆ್ಯಪ್ ಮತ್ತೆ ಶುರುವಾದಾಗ "ಹಿಂದಿನ ಸಲ ನಾನು ಸತ್ತಿದ್ದು ಯಾಕೆ" ಅಂತ ಸಿಸ್ಟಮ್ಮನ್ನೇ ಕೇಳಬಹುದು. ಲೋ ಮೆಮೊರಿ ಅಂತ ಬಂದರೆ ಅಲ್ಲಿಗೆ ಮಾತು ಮುಗಿಯಿತು. ಕೆಲವು ಫೋನ್‌ಗಳು ಅಷ್ಟು ಬಿಡಿಸಿ ಹೇಳುವುದಿಲ್ಲ, ಸಿಗ್ನಲ್ 9ರಿಂದ (ಬಲವಂತವಾಗಿ ಮುಗಿಸುವ ಆಜ್ಞೆ) ಸತ್ತಿತು ಅಂತಷ್ಟೇ ಹೇಳುತ್ತವೆ. ಅಂಥ ಕಡೆ ಆ ಹೊತ್ತಿಗೆ ಮೆಮೊರಿ ಎಷ್ಟಿತ್ತು ಅಂತಲೂ ನೋಡಬೇಕು. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದೊಳಗಿನ ಅನಲಿಟಿಕ್ಸ್ ಡೇಟಾದಲ್ಲಿ ಜೆಟ್‌ಸ್ಯಾಮ್ ಇವೆಂಟ್ ಅನ್ನುವ ಫೈಲ್ ಹುಡುಕಿ. ಆ ಹೊತ್ತಿಗೆ ಯಾವ ಆ್ಯಪ್ ಎಷ್ಟು ಮೆಮೊರಿ ಹಿಡಿದು ಕೂತಿತ್ತು ಅಂತ ಅದರಲ್ಲಿ ಇರುತ್ತದೆ.

ಸ್ಟ್ಯಾಕ್ ಟ್ರೇಸ್ ತೋರಿಸುವ ಸಾಲಿನಲ್ಲಿ ತಪ್ಪೇ ಕಾಣುವುದಿಲ್ಲವಲ್ಲ?

ಕಾಣುವುದಿಲ್ಲ, ಯಾಕೆಂದರೆ ತಪ್ಪು ಅಲ್ಲಿ ಇರುವುದೇ ಅಪರೂಪ. ತೋಟದ ಗೋಡೌನ್ ನೆನಪು ಮಾಡಿಕೊಳ್ಳಿ. ಹೋದ ವರ್ಷದ ಮೂಟೆ, ಹರಿದ ಟಾರ್ಪಾಲು, ಕೆಟ್ಟ ಸ್ಪ್ರೇಯರ್, ಯಾರದೋ ಮದುವೆಗೆ ತಂದ ಕುರ್ಚಿ ಎಲ್ಲ ಅಲ್ಲೇ ತುಂಬಿದೆ. ಇವತ್ತು ಸಂಜೆ ಒಬ್ಬ 50 ಕೆಜಿ ಮೂಟೆ ಹೊತ್ತು ಬಂದ, ಇಡಲು ಜಾಗ ಇಲ್ಲ. ಬಾಗಿಲಲ್ಲಿ ನಿಂತವನು ಅವನು, ಆದ್ದರಿಂದ ಲಾಗ್‌ನಲ್ಲಿ ಬರುವ ಹೆಸರೂ ಅವನದೇ. ಪಾಪ, ಅವನೇನು ಮಾಡಿದ?

ನಮಗೆ ಒಮ್ಮೆ ಎರಡು ವಾರ ಹೀಗೇ ಹಾಳಾಯಿತು. ಟ್ರೇಸ್ ಪ್ರತಿ ಸಲವೂ ಪಿಡಿಎಫ್ ಬರೆಯುವ ಕೋಡ್ ಕಡೆ ಕೈ ತೋರಿಸುತ್ತಿತ್ತು. ಅದನ್ನು ಮೂರು ಸಲ ತಿದ್ದಿ ಬರೆದೆವು. ಜಾಗ ತಿಂದಿದ್ದು ಬೇರೆಯೇ ಸ್ಕ್ರೀನ್‌ನ ಫೋಟೋಗಳು. ಪಿಡಿಎಫ್ ಮಾಡುವುದು ದಿನದ ಕೊನೆಯ ಕೆಲಸ, ಹಾಗಾಗಿ ಬಾಗಿಲಲ್ಲಿ ಸಿಕ್ಕಿಬೀಳುತ್ತಿದ್ದುದು ಅದೇ. ಔಟ್ ಆಫ್ ಮೆಮೊರಿ ಕಂಡಾಗ "ಕೇಳಿದವರು ಯಾರು" ಅನ್ನುವುದು ಬಿಟ್ಟು "ತುಂಬಿಕೊಂಡಿರುವವರು ಯಾರು" ಅಂತ ಹುಡುಕಿ. ಅದಕ್ಕೆ ಹೀಪ್ ಡಂಪ್ (ಆ ಹೊತ್ತಿಗೆ ಮೆಮೊರಿಯಲ್ಲಿ ಏನೇನಿದೆ ಅನ್ನುವ ಪಟ್ಟಿ) ಬೇಕು, ಟ್ರೇಸ್ ಸಾಲದು.

ಫೋನ್‌ನಲ್ಲಿ 4 ಜಿಬಿ ರ‍್ಯಾಮ್ ಇದೆ. ನಮ್ಮ ಆ್ಯಪ್ 250 ಎಂಬಿಗೇ ಸಾಯುವುದ್ಯಾಕೆ?

ಆ 4 ಜಿಬಿ ನಿಮ್ಮೊಬ್ಬರದಲ್ಲ. ಆಂಡ್ರಾಯ್ಡ್ ಪ್ರತಿ ಆ್ಯಪ್‌ನ ಜಾವಾ ಹೀಪ್‌ಗೂ (ಆ್ಯಪ್‌ನ ಕೋಡ್ ಮಾಡಿದ ವಸ್ತುಗಳು ಕೂರುವ ಮೆಮೊರಿ) ಒಂದು ಮಿತಿ ಹಾಕುತ್ತದೆ. ಅದು ಫೋನಿಂದ ಫೋನಿಗೆ ಬೇರೆ: 128, 192, 256, 512 ಎಂಬಿ, ಹೀಗೆ. ನಿಮ್ಮ ಕೈಯಲ್ಲಿರುವ ಫೋನಿನ ಮಿತಿ ಎಷ್ಟು ಅಂತ ಆ್ಯಕ್ಟಿವಿಟಿ ಮ್ಯಾನೇಜರ್‌ನ ಗೆಟ್ ಮೆಮೊರಿ ಕ್ಲಾಸ್ ಹೇಳುತ್ತದೆ. ಇನ್ನೊಂದು ವಿಷಯ, ಕಂಪ್ಯೂಟರ್‌ನ ಹಾಗೆ ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಸಾಲ ತೆಗೆದುಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಇಲ್ಲಿಲ್ಲ. ಝಡ್‌ರ‍್ಯಾಮ್ ಅಂತ ಒಂದು ಭಾಗದಲ್ಲಿ ಡೇಟಾವನ್ನು ಒತ್ತಿ ಇಡುತ್ತಾರೆ. ಅದೂ ರ‍್ಯಾಮ್ ಒಳಗೇ.

ಐಫೋನ್‌ನಲ್ಲೂ ಪ್ರತಿ ಆ್ಯಪ್‌ಗೆ ಮಿತಿ ಇದೆ, ಮಾಡೆಲ್ ಮೇಲೆ ಬದಲಾಗುತ್ತದೆ. ಇನ್ನೆಷ್ಟು ಉಳಿದಿದೆ ಅಂತ ಕೇಳಲು ಐಒಎಸ್ 13ರಿಂದ ಒಂದು ಫಂಕ್ಷನ್ ಕೊಟ್ಟಿದ್ದಾರೆ.

ಮ್ಯಾನಿಫೆಸ್ಟ್‌ನಲ್ಲಿ ಲಾರ್ಜ್ ಹೀಪ್ ಟ್ರೂ ಮಾಡಿದರೆ ಆಯ್ತಲ್ವಾ?

ಹೀಪ್ ಮಿತಿ ಹೆಚ್ಚಿಸಿ ಅಂತ ಆಂಡ್ರಾಯ್ಡನ್ನು ಕೇಳುವ ಸೆಟ್ಟಿಂಗ್ ಅದು. ಗೋಡೌನ್ ಪಕ್ಕಕ್ಕೆ ಇನ್ನೊಂದು ಶೆಡ್ ಕಟ್ಟಿದ ಹಾಗೆ. ಅದೂ ತುಂಬುತ್ತದೆ, ಸ್ವಲ್ಪ ತಡವಾಗಿ. ಹೀಪ್ ದೊಡ್ಡದಾದಷ್ಟು, ಬೇಡದ್ದನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್‌ಗೂ ಕೆಲಸ ಜಾಸ್ತಿ. ಆ್ಯಪ್ ಹಿಂದೆ ಸರಿದಾಗ ದೊಡ್ಡದನ್ನೇ ಮೊದಲು ಕೊಲ್ಲುವ ಸಂಭವವೂ ಜಾಸ್ತಿ. ಫೋಟೋ ಎಡಿಟರ್ ಥರದ ಆ್ಯಪ್ ಮಾಡುತ್ತಿದ್ದರೆ ಹಾಕಿಕೊಳ್ಳಿ. ಕೂಲಿ ಲೆಕ್ಕದ ಆ್ಯಪ್‌ಗೆ ಅದು ಬೇಕು ಅನ್ನಿಸಿದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

ಫೋಟೋ ಫೈಲ್ ಬರೀ 3 ಎಂಬಿ. ಅದರಿಂದ ಕ್ರ್ಯಾಶ್ ಆಗುತ್ತದೆ ಅಂದರೆ ನಂಬುವುದು ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಾನು ಕಂಡ ಮೆಮೊರಿ ಕ್ರ್ಯಾಶ್‌ಗಳಲ್ಲಿ ದೊಡ್ಡ ಪಾಲು ಫೋಟೋದ್ದೇ.

ಮಳೆಗಾಲದಲ್ಲಿ ಅರೇಬಿಕಾಗೆ ಕೊಳೆ ರೋಗ ಬರುತ್ತದೆ. ಎಲೆ ಕಪ್ಪಾಗಿ ಜೋತುಬೀಳುತ್ತದೆ. ಚೆಟ್ಟಳ್ಳಿ ಕಡೆಯ ಒಂದು ತೋಟದಲ್ಲಿ ರೈಟರ್ ಪ್ರತಿ ಬ್ಲಾಕ್‌ಗೂ ಹೋಗಿ ಎಲೆ ಫೋಟೋ ತೆಗೆದು ಆ್ಯಪ್‌ಗೆ ಹಾಕುತ್ತಿದ್ದರು. ಐದಾರು ಫೋಟೋವರೆಗೂ ಏನೂ ತೊಂದರೆ ಇಲ್ಲ. ಪಟ್ಟಿಯನ್ನು ಬೆರಳಿಂದ ಕೆಳಗೆ ಎಳೆದರೆ ಠಪ್ ಅಂತ ಮುಚ್ಚುತ್ತಿತ್ತು. ನಮ್ಮ ಆಫೀಸಿನ ಫೋನ್‌ನಲ್ಲಿ ಎಷ್ಟು ಎಳೆದರೂ ಏನೂ ಆಗುತ್ತಿರಲಿಲ್ಲ.

ಲೆಕ್ಕ ಹಾಕಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಅಂದರೆ ಅಗಲ 4000, ಎತ್ತರ 3000 ಪಿಕ್ಸೆಲ್. ಒಟ್ಟು 1 ಕೋಟಿ 20 ಲಕ್ಷ ಪಿಕ್ಸೆಲ್. ಫೈಲ್ ಆಗಿ ಇರುವಾಗ ಜೆಪೆಗ್ ಅದನ್ನು ಒತ್ತಿ 3 ಎಂಬಿಗೆ ತಂದಿರುತ್ತದೆ. ಸ್ಕ್ರೀನ್‌ನಲ್ಲಿ ತೋರಿಸಬೇಕಾದರೆ ಬಿಚ್ಚಲೇಬೇಕು, ಬಿಚ್ಚಿದರೆ ಪ್ರತಿ ಪಿಕ್ಸೆಲ್‌ಗೂ 4 ಬೈಟ್ ಬೇಕು. ಅಂದರೆ ಒಂದು ಫೋಟೋಗೆ 48 ಎಂಬಿ. ಆರು ಫೋಟೋಗೆ 288 ಎಂಬಿ. ಫೈಲ್ ಎಷ್ಟು ಚಿಕ್ಕದು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದೇ ಅಳತೆಯ ಫೋಟೋವನ್ನು ಕ್ವಾಲಿಟಿ ಇಳಿಸಿ 300 ಕೆಬಿ ಮಾಡಿದರೂ ಬಿಚ್ಚಿದಾಗ ಅದೇ 48 ಎಂಬಿ. "ಕಂಪ್ರೆಸ್ ಮಾಡಿದ್ದೀನಲ್ಲ ಅಣ್ಣ" ಅಂತ ವಾದ ಮಾಡಿದ ಹುಡುಗನಿಗೆ ಇದನ್ನು ಕಾಗದದ ಮೇಲೆ ಗುಣಿಸಿ ತೋರಿಸಬೇಕಾಯಿತು.

ಈಗ, ಪಟ್ಟಿಯಲ್ಲಿ ಆ ಫೋಟೋ ಕಾಣುವುದು ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ. ಅದಕ್ಕೆ 4000 ಪಿಕ್ಸೆಲ್ ಯಾಕೆ? ಆಂಡ್ರಾಯ್ಡ್‌ನ ಬಿಟ್‌ಮ್ಯಾಪ್ ಫ್ಯಾಕ್ಟರಿಗೆ ಇನ್‌ಸ್ಯಾಂಪಲ್‌ಸೈಜ್ 16 ಅಂತ ಕೊಟ್ಟರೆ ಅಗಲವೂ ಎತ್ತರವೂ ಹದಿನಾರರಲ್ಲಿ ಒಂದಾಗುತ್ತದೆ. 250ಕ್ಕೆ 187 ಪಿಕ್ಸೆಲ್, ಸುಮಾರು 190 ಕೆಬಿ. ಮೊದಲಿನ 256ರಲ್ಲಿ ಒಂದು ಪಾಲು. ಈ ಸಂಖ್ಯೆ 2, 4, 8, 16 ಹೀಗೆ ಎರಡರ ಘಾತದಲ್ಲೇ ಕೆಲಸ ಮಾಡುತ್ತದೆ. ಬೇರೆ ಏನಾದರೂ ಕೊಟ್ಟರೆ ಅದರ ಕೆಳಗಿನದಕ್ಕೆ ಇಳಿಸಿಕೊಳ್ಳುತ್ತದೆ. ಫೋಟೋ ಅಳತೆ ಮೊದಲೇ ಗೊತ್ತಿಲ್ಲದಿದ್ದರೆ ಇನ್‌ಜಸ್ಟ್‌ಡಿಕೋಡ್‌ಬೌಂಡ್ಸ್ ಆನ್ ಮಾಡಿ ಒಮ್ಮೆ ಓದಿ. ಆಗ ಅಳತೆ ಮಾತ್ರ ಬರುತ್ತದೆ, ಪಿಕ್ಸೆಲ್ ಬಿಚ್ಚುವುದಿಲ್ಲ.

ಇಷ್ಟೆಲ್ಲ ಕೈಯಲ್ಲಿ ಬರೆಯುವುದು ಬೇಡ ಅನ್ನಿಸಿದರೆ ಗ್ಲೈಡ್ ಅಥವಾ ಕಾಯಿಲ್ ಲೈಬ್ರರಿ ಹಾಕಿಕೊಳ್ಳಿ. ಇಮೇಜ್ ವ್ಯೂ ಎಷ್ಟು ದೊಡ್ಡದಿದೆ ಅಂತ ನೋಡಿ ಅಷ್ಟಕ್ಕೇ ಬಿಚ್ಚುತ್ತವೆ. ನಾವು ಕೊನೆಗೆ ಮಾಡಿದ್ದೂ ಅದೇ. ಹಾಗಂತ ಕಣ್ಣು ಮುಚ್ಚಿ ಕೂರಬೇಡಿ. ಯಾರಾದರೂ "ಒರಿಜಿನಲ್ ಸೈಜ್" ಅಂತ ಒಂದು ಸಾಲು ಸೇರಿಸಿದರೆ ಗ್ಲೈಡ್ ಕೂಡ ಮಾತು ಕೇಳಿ ಪೂರ್ತಿ ಬಿಚ್ಚುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ಆಂಡ್ರಾಯ್ಡ್ 8ರಿಂದ ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಜಾವಾ ಹೀಪ್‌ನಲ್ಲಿ ಇರುವುದಿಲ್ಲ, ನೇಟಿವ್ ಹೀಪ್‌ನಲ್ಲಿರುತ್ತವೆ. ಮೆಮೊರಿ ಬಳಕೆಯನ್ನು ಗೆರೆ ಎಳೆದು ತೋರಿಸುವ ಪ್ರೊಫೈಲರ್‌ನಲ್ಲಿ ಜಾವಾ ಗೆರೆ ಮಾತ್ರ ನೋಡಿದರೆ ಎಲ್ಲ ತಣ್ಣಗೆ ಕಾಣುತ್ತದೆ, ಆ್ಯಪ್ ಮಾತ್ರ ಸಾಯುತ್ತಿರುತ್ತದೆ. ಎಕ್ಸೆಪ್ಶನ್ ಬರುವುದರ ಬದಲು ಸಿಸ್ಟಮ್ಮೇ ಬಂದು ಕೊಲ್ಲುವುದೂ ಇದರಿಂದಲೇ. ನೇಟಿವ್ ಮತ್ತು ಗ್ರಾಫಿಕ್ಸ್ ಗೆರೆಗಳನ್ನೂ ನೋಡಿ.

ಐಫೋನ್‌ನಲ್ಲಿ ಇದೇ ಕೆಲಸಕ್ಕೆ ಇಮೇಜ್ ಐಒದಲ್ಲಿ ಥಂಬ್‌ನೇಲ್ ಅಳತೆ ಕೊಟ್ಟು ಬಿಚ್ಚಬಹುದು. ಯುಐ ಇಮೇಜ್ ನೇಮ್ಡ್ ಅಂತ ಕರೆದರೆ ಸಿಸ್ಟಮ್ ಆ ಚಿತ್ರವನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ ಅನ್ನುವುದೂ ನೆನಪಿರಲಿ. ಐಕಾನ್‌ಗೆ ಒಳ್ಳೆಯದು, ಒಮ್ಮೆ ನೋಡಿ ಬಿಡುವ ದೊಡ್ಡ ಚಿತ್ರಕ್ಕೆ ಅಲ್ಲ.

ಗಾರ್ಬೇಜ್ ಕಲೆಕ್ಟರ್ ಇರುವಾಗ ಲೀಕ್ ಆಗುವುದು ಹೇಗೆ?

ಲೀಕ್ ಅಂದರೆ ಬೇಡವಾದ ವಸ್ತು ಮೆಮೊರಿಯಲ್ಲೇ ಉಳಿದುಬಿಡುವುದು. ಕಲೆಕ್ಟರ್ ತೆಗೆದು ಹಾಕುವುದು ಯಾರೂ ಹಿಡಿದುಕೊಳ್ಳದ ವಸ್ತುವನ್ನು. ನಿಮಗೆ ಬೇಡವಾಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಯಾರಾದರೂ ಇನ್ನೂ ಒಂದು ರೆಫರೆನ್ಸ್ ಹಿಡಿದಿದ್ದರೆ ಮುಟ್ಟುವುದಿಲ್ಲ.

ನಮ್ಮ ತೂಕದ ಸ್ಕ್ರೀನ್ ಕಥೆ ಹೇಳುತ್ತೇನೆ. ತೂಕದ ಮೆಷಿನ್ ಬ್ಲೂಟೂತ್‌ನಲ್ಲಿ ಕೆಜಿ ಕಳಿಸುತ್ತದೆ. ಆ ಸಂಪರ್ಕ ನೋಡಿಕೊಳ್ಳಲು ಒಂದು ಸಿಂಗಲ್‌ಟನ್ ಬರೆದಿದ್ದೆವು, ಆ್ಯಪ್ ಇರುವವರೆಗೂ ಅದೂ ಇರುತ್ತದೆ. ಸ್ಕ್ರೀನ್ ತೆರೆದಾಗ "ತೂಕ ಬಂದರೆ ನನಗೆ ಹೇಳು" ಅಂತ ಆ್ಯಕ್ಟಿವಿಟಿ (ಆಂಡ್ರಾಯ್ಡ್‌ನಲ್ಲಿ ಒಂದು ಸ್ಕ್ರೀನ್) ತನ್ನ ಹೆಸರು ಕೊಡುತ್ತಿತ್ತು. ಹೋಗುವಾಗ ಹೆಸರು ತೆಗೆಸುವ ಸಾಲನ್ನು ಬರೆಯುವುದು ಮರೆತಿದ್ದೆವು. ಒಂದೇ ಒಂದು ಸಾಲು.

ಸಂಜೆ ಕಣದಲ್ಲಿ ಏನಾಗುತ್ತಿತ್ತು ನೋಡಿ. ಒಬ್ಬರ ಚೀಲ ತೂಗಿ ಆಯಿತು. ಎಷ್ಟು ಬಂತು ಅಂತ ನೋಡಲು ಅವರು ಬಗ್ಗುತ್ತಾರೆ. ರೈಟರ್ ಫೋನನ್ನು ಅವರ ಕಡೆ ತಿರುಗಿಸುತ್ತಾರೆ. ಸ್ಕ್ರೀನ್ ಅಡ್ಡವಾಯಿತು. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ತಿರುಗಿದರೆ, ನಾವು ಬೇರೆ ಏನೂ ಹೇಳದಿದ್ದಲ್ಲಿ, ಹಳೆ ಆ್ಯಕ್ಟಿವಿಟಿ ಹೋಗಿ ಹೊಸದು ಹುಟ್ಟುತ್ತದೆ. ನಮ್ಮಲ್ಲಿ ಹೊಸದು ಹುಟ್ಟುತ್ತಿತ್ತು, ಹಳೆಯದು ಹೋಗುತ್ತಿರಲಿಲ್ಲ. ಸಿಂಗಲ್‌ಟನ್ ಕೈಯಲ್ಲಿ ಅದರ ಹೆಸರು ಇತ್ತಲ್ಲ. ಫೋನ್ ವಾಪಸ್ ನೆಟ್ಟಗೆ ಮಾಡಿದರೆ ಇನ್ನೊಂದು. ಪ್ರತಿಯೊಂದರ ಜೊತೆ ಕಾರ್ಮಿಕರ ಪಟ್ಟಿ, ಅವರ ಚಿಕ್ಕ ಫೋಟೋಗಳು. ಇಪ್ಪತ್ತು ಜನರ ತೂಕ ಮುಗಿಯುವಷ್ಟರಲ್ಲಿ ನಲವತ್ತು ಸತ್ತ ಸ್ಕ್ರೀನ್‌ಗಳು ಒಳಗೆ ಕೂತಿರುತ್ತಿದ್ದವು. ಕ್ರ್ಯಾಶ್ ಆಗುತ್ತಿದ್ದುದು ಯಾವಾಗಲೂ ಸಾಲಿನ ಕೊನೆಯವರ ಸರದಿಗೆ. ಅವರಿಗೂ ರೈಟರ್‌ಗೂ ಜಗಳ, ನಮಗೆ ಫೋನ್.

ಆಫೀಸಿನಲ್ಲಿ ನಾವು ಫೋನನ್ನು ಮೇಜಿನ ಮೇಲಿಟ್ಟು ಟೆಸ್ಟ್ ಮಾಡುತ್ತಿದ್ದೆವು. ಯಾರೂ ತಿರುಗಿಸುತ್ತಿರಲಿಲ್ಲ.

ನೋಡುವುದು ಸುಲಭ. ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿಯಲ್ಲಿ ಡಂಪ್‌ಸಿಸ್ ಮೆಮ್‌ಇನ್ಫೋ ಕೊಟ್ಟು ಮುಂದೆ ನಿಮ್ಮ ಪ್ಯಾಕೇಜ್ ಹೆಸರು ಹಾಕಿ. ಕೊನೆಯಲ್ಲಿ ಆಬ್ಜೆಕ್ಟ್ಸ್ ಅನ್ನುವ ಭಾಗದಲ್ಲಿ ಆ್ಯಕ್ಟಿವಿಟೀಸ್ ಎಷ್ಟಿವೆ ಅಂತ ಬರುತ್ತದೆ. ಒಂದೇ ಸ್ಕ್ರೀನ್ ತೆರೆದಿರುವಾಗ ಅಲ್ಲಿ 14 ಅಂತಿದ್ದರೆ, ಫೋನ್ ಸ್ವಲ್ಪ ಹೊತ್ತು ಬಿಟ್ಟು ನೋಡಿದರೂ ಇಳಿಯದಿದ್ದರೆ, ಲೀಕ್ ಇದೆ. ಒಂದು ನಿಮಿಷದ ಕೆಲಸ ಇದು, ನಾನು ಮೊದಲು ಮಾಡುವುದೂ ಇದನ್ನೇ.

ಇದೇ ಥರ ಕಾಡುವ ಬೇರೆ ಜಾಗಗಳೂ ಇವೆ: ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಇಟ್ಟ ಕಾಂಟೆಕ್ಸ್ಟ್, ತಡವಾಗಿ ಓಡುವಂತೆ ಹ್ಯಾಂಡ್ಲರ್‌ಗೆ ಕೊಟ್ಟ ಕೆಲಸ, ಜಿಪಿಎಸ್ ಲಿಸನರ್, ವ್ಯೂ ಹೋದರೂ ಫ್ರ್ಯಾಗ್‌ಮೆಂಟ್ ಹಿಡಿದುಕೊಂಡಿರುವ ಬೈಂಡಿಂಗ್. ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಒಂದೇ. ಹಿಡಿದುಕೊಂಡವರು, ಹಿಡಿಸಿಕೊಂಡವರಿಗಿಂತ ಜಾಸ್ತಿ ಹೊತ್ತು ಬದುಕುತ್ತಾರಾ?

ಲೀಕ್‌ಕ್ಯಾನರಿ ಹಾಕಿದೆ. ಉದ್ದದ ಪಟ್ಟಿ ಬಂತು, ಅರ್ಥ ಆಗಲಿಲ್ಲ.

ಸ್ಕ್ವೇರ್ ಕಂಪನಿಯವರು 2015ರಲ್ಲಿ ಹೊರಗೆ ಬಿಟ್ಟ, ಲೀಕ್ ಹುಡುಕುವ ಟೂಲ್ ಇದು. ಡಿಬಗ್ ಬಿಲ್ಡ್‌ಗೆ ಒಂದು ಡಿಪೆಂಡೆನ್ಸಿ ಸಾಲು ಸೇರಿಸಿದರೆ ಸಾಕು, ಬೇರೆ ಕೋಡ್ ಬೇಡ. ರಿಲೀಸ್ ಬಿಲ್ಡ್‌ಗೆ ಹೋಗದ ಹಾಗೆ ನೋಡಿಕೊಳ್ಳಿ.

ಅದು ಕೊಡುವ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ. ಮೇಲೆ ಇರುವುದು ಜಿಸಿ ರೂಟ್, ಅಂದರೆ ಯಾವತ್ತೂ ತೆಗೆಯಲಾಗದ್ದು. ಕೆಳಗಿರುವುದು ಲೀಕ್ ಆದ ವಸ್ತು. ನಡುವೆ ಯಾರು ಯಾರನ್ನು ಹಿಡಿದಿದ್ದಾರೆ ಅನ್ನುವ ಸರಪಳಿ. ಪ್ರತಿ ಮೆಟ್ಟಿಲಿನ ಪಕ್ಕದಲ್ಲೂ ಲೀಕಿಂಗ್ ನೋ, ಅನ್‌ನೋನ್, ಯೆಸ್ ಅಂತ ಬರೆದಿರುತ್ತದೆ. ಕೊನೆಯ ನೋ ಮತ್ತು ಮೊದಲ ಯೆಸ್ ಇವೆರಡರ ನಡುವೆ ಕಳ್ಳ ಇದ್ದಾನೆ. ಅನುಮಾನದ ರೆಫರೆನ್ಸ್ ಕೆಳಗೆ ಅಲೆಅಲೆ ಗೆರೆಯನ್ನೂ ಎಳೆದಿರುತ್ತದೆ. ಉಳಿದಿದ್ದನ್ನು ಓದಿ ತಲೆಕೆಡಿಸಿಕೊಳ್ಳಬೇಡಿ.

ಸರಪಳಿಯಲ್ಲಿ ನಿಮ್ಮ ಪ್ಯಾಕೇಜ್ ಹೆಸರೇ ಇಲ್ಲದಿದ್ದರೆ ಅದು ಲೈಬ್ರರಿಯ ಅಥವಾ ಆಂಡ್ರಾಯ್ಡ್‌ನದೇ ತಪ್ಪಿರಬಹುದು. ಅಂಥದ್ದು ಚಿಕ್ಕದಾಗಿದ್ದರೆ ನಾನು ಬಿಟ್ಟುಬಿಡುತ್ತೇನೆ. ಕೊಯ್ಲಿನ ಹೊತ್ತಲ್ಲಂತೂ ಖಂಡಿತ.

ಐಫೋನ್‌ನಲ್ಲಿ ಎಆರ್‌ಸಿ ಇದೆ. ಅಲ್ಲೂ ಲೀಕ್ ಹುಡುಕಬೇಕಾ?

ಹುಡುಕಬೇಕು. 2011ರಲ್ಲಿ ಐಒಎಸ್ 5ರ ಜೊತೆ ಎಆರ್‌ಸಿ (ಆಟೋಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್) ಬಂತು. ಅದು ಎಷ್ಟು ಜನ ಹಿಡಿದಿದ್ದಾರೆ ಅಂತ ಎಣಿಸುತ್ತದೆ, ಎಣಿಕೆ ಸೊನ್ನೆಯಾದರೆ ಬಿಡುತ್ತದೆ. ಎ ಬಿಯನ್ನೂ ಬಿ ಎಯನ್ನೂ ಹಿಡಿದು ಕೂತರೆ ಎಣಿಕೆ ಸೊನ್ನೆ ಆಗುವುದೇ ಇಲ್ಲ. ಇದಕ್ಕೆ ರಿಟೇನ್ ಸೈಕಲ್ ಅನ್ನುತ್ತಾರೆ. ಜಾವಾ ಕಲೆಕ್ಟರ್‌ಗೆ ಇಂಥ ಸುತ್ತು ಸಮಸ್ಯೆಯೇ ಅಲ್ಲ, ಹೊರಗಿನಿಂದ ದಾರಿ ಇಲ್ಲದಿದ್ದರೆ ಇಬ್ಬರನ್ನೂ ಗುಡಿಸುತ್ತದೆ. ಆಂಡ್ರಾಯ್ಡ್‌ನಿಂದ ಬಂದವರು ಐಫೋನ್‌ನಲ್ಲಿ ಎಡವುವುದು ಇಲ್ಲೇ.

ಸಾಮಾನ್ಯವಾಗಿ ಸಿಗುವ ಜಾಗ ಕ್ಲೋಶರ್, ಅಂದರೆ ಆಮೇಲೆ ಓಡಿಸಲು ಇಟ್ಟುಕೊಂಡ ಕೋಡ್ ತುಂಡು. ವ್ಯೂ ಕಂಟ್ರೋಲರ್ ತನ್ನ ಒಳಗೆ ಒಂದು ಕ್ಲೋಶರ್ ಇಟ್ಟುಕೊಂಡಿರುತ್ತದೆ, ಅದರೊಳಗೆ ಸೆಲ್ಫ್ ಬಳಸಿರುತ್ತೀರಿ. ವೀಕ್ ಸೆಲ್ಫ್ ಅಂತ ಬರೆಯಿರಿ, ಆಗ ಅದು ಎಣಿಕೆಗೆ ಸೇರುವುದಿಲ್ಲ. ಡೆಲಿಗೇಟ್ ಕೂಡ ವೀಕ್ ಇರಲಿ. ಮತ್ತೆ ಮತ್ತೆ ಓಡುವ ಟೈಮರ್ ತನ್ನ ಟಾರ್ಗೆಟ್ ಅನ್ನು ಬಲವಾಗಿ ಹಿಡಿದಿರುತ್ತದೆ, ನೀವಾಗಿ ನಿಲ್ಲಿಸಬೇಕು. ಡಿಇನಿಟ್‌ನಲ್ಲಿ ಒಂದು ಪ್ರಿಂಟ್ ಹಾಕಿ ಸ್ಕ್ರೀನ್ ಮುಚ್ಚಿ ನೋಡಿ. ಪ್ರಿಂಟ್ ಬರದಿದ್ದರೆ ಎಕ್ಸ್‌ಕೋಡ್‌ನಲ್ಲಿ ಮೆಮೊರಿ ಗ್ರಾಫ್ ತೆರೆದರೆ ಯಾರು ಹಿಡಿದಿದ್ದಾರೆ ಅಂತ ಚಿತ್ರದಲ್ಲೇ ಕಾಣುತ್ತದೆ.

ನೂರಾರು ಫೋಟೋಗಳನ್ನು ಲೂಪ್‌ನಲ್ಲಿ ಚಿಕ್ಕದು ಮಾಡುತ್ತಿದ್ದರೆ ಲೂಪ್ ಒಳಗೆ ಆಟೋರಿಲೀಸ್ ಪೂಲ್ ಹಾಕಿ. ಇಲ್ಲದಿದ್ದರೆ ಲೂಪ್ ಮುಗಿಯುವವರೆಗೂ ಎಲ್ಲ ಉಳಿದುಕೊಳ್ಳಬಹುದು, ಅದು ಮುಗಿಯುವ ಮೊದಲೇ ಜೆಟ್‌ಸ್ಯಾಮ್ ಬಂದಿರುತ್ತದೆ.

ನಾವು ಫ್ಲಟರ್‌ನಲ್ಲಿ ಬರೆಯುವುದು. ನಮಗೂ ಇದೆಲ್ಲ ಇದೆಯಾ?

ಒಂದೇ ಕೋಡ್‌ನಿಂದ ಎರಡೂ ಬಗೆಯ ಫೋನ್‌ಗೆ ಆ್ಯಪ್ ಮಾಡುವ ಫ್ಲಟರ್ ಆದರೂ ಫೋಟೋ ಲೆಕ್ಕ ಅದೇ. ಇಮೇಜ್ ವಿಜೆಟ್‌ಗೆ ಕ್ಯಾಶ್‌ವಿಡ್ತ್ ಕೊಡಿ, ಅಷ್ಟಕ್ಕೇ ಬಿಚ್ಚುತ್ತದೆ. ಫ್ಲಟರ್ ತನ್ನ ಇಮೇಜ್ ಕ್ಯಾಶ್‌ನಲ್ಲಿ 1000 ಚಿತ್ರ ಅಥವಾ 100 ಎಂಬಿವರೆಗೆ ಇಟ್ಟುಕೊಳ್ಳುತ್ತದೆ. ಕಡಿಮೆ ಬೆಲೆಯ ಫೋನ್‌ಗೆ ಅದು ಜಾಸ್ತಿ, ನಾವು ಇಳಿಸಿಕೊಂಡಿದ್ದೇವೆ. ಕಂಟ್ರೋಲರ್‌ಗಳಿಗೆ ಡಿಸ್ಪೋಸ್, ಸ್ಟ್ರೀಮ್ ಸಬ್‌ಸ್ಕ್ರಿಪ್ಶನ್‌ಗೆ ಕ್ಯಾನ್ಸಲ್ ಮರೆಯಬೇಡಿ. ರಿಯಾಕ್ಟ್ ನೇಟಿವ್‌ನವರು ಉದ್ದ ಪಟ್ಟಿಗೆ ಸ್ಕ್ರೋಲ್ ವ್ಯೂ ಬಿಟ್ಟು ಫ್ಲ್ಯಾಟ್‌ಲಿಸ್ಟ್ ಬಳಸಿದರೆ ಅರ್ಧ ತೊಂದರೆ ಕಳೆಯುತ್ತದೆ.

ಫಾರ್ಮ್ ತುಂಬುತ್ತಾ ಕ್ಯಾಮೆರಾ ತೆರೆದು ವಾಪಸ್ ಬಂದರೆ ಎಲ್ಲ ಖಾಲಿ. ಇದೂ ಕ್ರ್ಯಾಶಾ?

ಬಳಸುವವರ ಪಾಲಿಗೆ ಕ್ರ್ಯಾಶೇ. ಮೂವತ್ತು ಹೆಸರಿಗೆ ಹಾಜರಿ ಹಾಕಿ, ಒಂದು ಫೋಟೋ ತೆಗೆದು ಬಂದರೆ ಎಲ್ಲ ಮಾಯ ಆದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಕ್ಯಾಮೆರಾ ಆ್ಯಪ್‌ಗೆ ತುಂಬಾ ಮೆಮೊರಿ ಬೇಕು. ಅದು ಮುಂದೆ ಬಂದಾಗ ನಿಮ್ಮ ಆ್ಯಪ್ ಹಿಂದೆ ಸರಿಯುತ್ತದೆ. ಚಿಕ್ಕ ಫೋನ್‌ನಲ್ಲಿ ಸಿಸ್ಟಮ್ ನಿಮ್ಮದನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ. ಬಳಕೆದಾರರು ವಾಪಸ್ ಬಂದಾಗ ಆಂಡ್ರಾಯ್ಡ್ ಆ ಸ್ಕ್ರೀನನ್ನು ಹೊಸದಾಗಿ ಎಬ್ಬಿಸುತ್ತದೆ. ಇದು ತಪ್ಪಲ್ಲ, ಅದು ಹಾಗೇ ನಡೆಯಬೇಕು. ಉಳಿಸಿಕೊಳ್ಳುವ ಕೆಲಸ ನಮ್ಮದು. ವ್ಯೂ ಮಾಡೆಲ್ ಸ್ಕ್ರೀನ್ ತಿರುಗಿದರೆ ಉಳಿಯುತ್ತದೆ, ಪ್ರೋಸೆಸ್ಸೇ (ಓಡುತ್ತಿರುವ ಇಡೀ ಆ್ಯಪ್) ಸತ್ತರೆ ಉಳಿಯುವುದಿಲ್ಲ. ಚಿಕ್ಕ ವಿಷಯಗಳಿಗೆ ಸೇವ್ಡ್ ಸ್ಟೇಟ್ ಹ್ಯಾಂಡಲ್ ಬಳಸಿ, ಹಾಜರಿಯಂಥದ್ದನ್ನು ಟಿಕ್ ಮಾಡಿದ ಕೂಡಲೇ ಡೇಟಾಬೇಸ್‌ಗೆ ಬರೆಯಿರಿ. "ಸೇವ್" ಬಟನ್ ಒತ್ತುವವರೆಗೂ ಕಾಯುವ ಫಾರ್ಮ್‌ಗಳ ಮೇಲೆ ನನಗೆ ನಂಬಿಕೆ ಹೋಗಿದೆ.

ಫೋಟೋವನ್ನೇ ಬಂಡಲ್‌ನಲ್ಲಿ (ಸ್ಕ್ರೀನ್‌ನ ಸ್ಥಿತಿ ಉಳಿಸಲು ಸಿಸ್ಟಮ್‌ಗೆ ಕೊಡುವ ಗಂಟು) ಇಡಲು ಹೋಗಬೇಡಿ. ಆ ಗಂಟು ಸಾಗುವ ಬೈಂಡರ್‌ನ ದಾರಿ ಇಡೀ ಪ್ರೋಸೆಸ್ಸಿಗೆ ಸೇರಿ ಬರೀ 1 ಎಂಬಿ, ಮೀರಿದರೆ ಟ್ರ್ಯಾನ್ಸ್ಯಾಕ್ಷನ್ ಟೂ ಲಾರ್ಜ್ ಅಂತ ಇನ್ನೊಂದು ಕ್ರ್ಯಾಶ್. ಫೋಟೋದ ಯುಆರ್‌ಐ (ವಿಳಾಸ) ಇಟ್ಟರೆ ಸಾಕು.

ಟೆಸ್ಟ್ ಮಾಡಲು ಡೆವಲಪರ್ ಆಪ್ಷನ್ಸ್‌ನಲ್ಲಿ ಡೋಂಟ್ ಕೀಪ್ ಆ್ಯಕ್ಟಿವಿಟೀಸ್ ಆನ್ ಮಾಡುತ್ತಾರೆ. ಅದು ಆ್ಯಕ್ಟಿವಿಟಿಯನ್ನು ಮಾತ್ರ ಕೊಲ್ಲುತ್ತದೆ, ಪ್ರೋಸೆಸ್ ಬದುಕಿರುತ್ತದೆ, ಸಿಂಗಲ್‌ಟನ್‌ಗಳೂ ಬದುಕಿರುತ್ತವೆ. ನಿಜವಾದ ಸಾವು ನೋಡಬೇಕಾದರೆ ಹೋಮ್ ಒತ್ತಿ, ಎಡಿಬಿಯಿಂದ ಎಎಂ ಕಿಲ್ ಕೊಟ್ಟು, ರೀಸೆಂಟ್ಸ್‌ನಿಂದ ಮತ್ತೆ ತೆರೆಯಿರಿ.

ನೆಟ್‌ವರ್ಕ್ ಸಿಕ್ಕ ಕೂಡಲೇ ಕ್ರ್ಯಾಶ್ ಆಗುತ್ತದೆ. ಇದೇನು ವಿಚಿತ್ರ?

ನಮ್ಮ ಕಡೆ ಇದು ವಿಚಿತ್ರವೇ ಅಲ್ಲ. ತೋಟದೊಳಗೆ ಸಿಗ್ನಲ್ ಇಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ವಾರದ ಫೋಟೋಗಳೆಲ್ಲ ಫೋನ್‌ನಲ್ಲೇ ಕೂತಿರುತ್ತವೆ. ಸಂತೆಗೆ ಗೋಣಿಕೊಪ್ಪಕ್ಕೆ ಬಂದಾಗ ಸಿಗ್ನಲ್ ಸಿಗುತ್ತದೆ, ನೂರು ಫೋಟೋ ಒಟ್ಟಿಗೆ ಹೊರಡುತ್ತವೆ.

ಒಬ್ಬರು ಬರೆದ ಕೋಡ್ ನೋಡಿದೆ. ಪ್ರತಿ ಫೈಲ್ ಅನ್ನೂ ಪೂರ್ತಿ ಬೈಟ್ ಅರೇಗೆ ಓದಿ, ಅದನ್ನು ಬೇಸ್ 64 ಸ್ಟ್ರಿಂಗ್ ಮಾಡಿ, ಆ ಸ್ಟ್ರಿಂಗನ್ನು ಜೇಸನ್ ಒಳಗೆ ತುರುಕಿದ್ದರು. ಬೇಸ್ 64 ಮಾಡಿದರೆ ಮೂರನೇ ಒಂದು ಪಾಲು ಜಾಸ್ತಿ ಆಗುತ್ತದೆ. ಒಂದೇ ಫೋಟೋದ ಮೂರು ನಾಲ್ಕು ಕಾಪಿ ಒಂದೇ ಹೊತ್ತಿಗೆ ಮೆಮೊರಿಯಲ್ಲಿ. ಸಾಲದ್ದಕ್ಕೆ ಎಚ್‌ಟಿಟಿಪಿ ಲಾಗಿಂಗ್ ಬಾಡಿ ಮಟ್ಟದಲ್ಲಿ ಆನ್ ಇತ್ತು, ಅದು ಲಾಗ್ ಬರೆಯಲು ಇನ್ನೊಮ್ಮೆ ಪೂರ್ತಿ ಓದಿಕೊಳ್ಳುತ್ತಿತ್ತು. ಫೈಲನ್ನು ಮಲ್ಟಿಪಾರ್ಟ್‌ನಲ್ಲಿ ಸ್ಟ್ರೀಮ್ ಆಗಿ ಕಳಿಸಿ. ವರ್ಕ್ ಮ್ಯಾನೇಜರ್‌ನಲ್ಲಿ ಒಂದರ ಹಿಂದೆ ಒಂದು ಹೋಗಲಿ. ಕಾಫಿ ಕುಡಿದು ಬರುವಷ್ಟರಲ್ಲಿ ಹೋಗಿರುತ್ತವೆ, ಯಾರಿಗೂ ಅವಸರ ಇಲ್ಲ.

ಫೋಟೋವನ್ನು ಡೇಟಾಬೇಸ್‌ನಲ್ಲೇ ಬ್ಲಾಬ್ ಆಗಿ ಇಟ್ಟವರಿಗೆ ಬೇರೆ ಕಾಟ. ಆಂಡ್ರಾಯ್ಡ್‌ನ ಕರ್ಸರ್ ವಿಂಡೋ ಸಾಮಾನ್ಯವಾಗಿ 2 ಎಂಬಿ. ಅದಕ್ಕಿಂತ ದೊಡ್ಡ ಸಾಲು ಬರೆಯಲು ಆಗುತ್ತದೆ, ಓದಲು ಆಗುವುದಿಲ್ಲ! ಫೈಲ್ ಆಗಿ ಇಡಿ, ಡೇಟಾಬೇಸ್‌ನಲ್ಲಿ ಫೈಲ್ ಎಲ್ಲಿದೆ ಅಂತ ಮಾತ್ರ ಬರೆಯಿರಿ.

ಔಟ್ ಆಫ್ ಮೆಮೊರಿಯನ್ನು ಟ್ರೈ ಕ್ಯಾಚ್‌ನಲ್ಲಿ ಹಿಡಿಯಬಹುದಾ? ಸಿಸ್ಟಮ್ ಜಿಸಿ ಕರೆದರೆ?

ಹಿಡಿಯಬಹುದು, ಆದರೆ ಹಿಡಿದು ಏನು ಮಾಡುತ್ತೀರಿ? ಮುಂದಿನ ಸಾಲಿಗೂ ಮೆಮೊರಿ ಬೇಕು. ಒಂದು ದೊಡ್ಡ ಫೋಟೋ ಬಿಚ್ಚುವ ಜಾಗದಲ್ಲಿ ಹಿಡಿದು ಚಿಕ್ಕದಾಗಿ ಮತ್ತೆ ಪ್ರಯತ್ನಿಸುವುದು ಒಪ್ಪಬಹುದಾದ ಮಾತು, ಅಷ್ಟೇ. ಸಿಸ್ಟಮ್ ಕೊಂದರೆ ಯಾವ ಕ್ಯಾಚೂ ಓಡುವುದಿಲ್ಲ. ಜಿಸಿ ಕರೆಯುವುದು ಬೇಡ. ಎರರ್ ಎಸೆಯುವ ಮೊದಲು ಅದು ಹೇಗೂ ಗುಡಿಸಿ ನೋಡಿರುತ್ತದೆ.

ಸಿಗ್‌ಸೆಗ್‌ವಿ ಬರುತ್ತಿದೆ. ನಾವು ಸಿ ಪ್ಲಸ್ ಪ್ಲಸ್ ಬರೆದೇ ಇಲ್ಲ.

ನೀವು ಬರೆದಿಲ್ಲ, ನೀವು ಹಾಕಿಕೊಂಡ ಲೈಬ್ರರಿ ಬರೆದಿದೆ. ಟೂಂಬ್‌ಸ್ಟೋನ್‌ನಲ್ಲಿ (ನೇಟಿವ್ ಕ್ರ್ಯಾಶ್ ಆದಾಗ ಆಂಡ್ರಾಯ್ಡ್ ಬರೆದಿಡುವ ವರದಿ) ಯಾವ ಎಸ್‌ಒ ಫೈಲ್, ಅಂದರೆ ನೇಟಿವ್ ಲೈಬ್ರರಿ ಹೆಸರು ಇದೆ ನೋಡಿ, ಅದರ ಹೊಸ ಆವೃತ್ತಿ ಹಾಕಿ. ಇನ್ನೊಂದನ್ನು ಈಗ ಗಮನಿಸಬೇಕು. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೆಮೊರಿ ಪೇಜ್ (ಸಿಸ್ಟಮ್ ಮೆಮೊರಿ ಹಂಚುವ ತುಂಡು) 4 ಕೆಬಿ. ಆಂಡ್ರಾಯ್ಡ್ 15ರಿಂದ 16 ಕೆಬಿ ಪೇಜ್ ಇರುವ ಫೋನ್‌ಗಳಿಗೂ ಜಾಗ ಮಾಡಿದ್ದಾರೆ. 4 ಕೆಬಿಗೆ ಅಂತ ಕಟ್ಟಿದ ನೇಟಿವ್ ಲೈಬ್ರರಿ ಅಂಥ ಫೋನ್‌ನಲ್ಲಿ ಲೋಡೇ ಆಗದೆ ಆ್ಯಪ್ ಬೀಳಬಹುದು. ಆಂಡ್ರಾಯ್ಡ್ 15 ಮತ್ತು ಮೇಲಿನದನ್ನು ಟಾರ್ಗೆಟ್ ಮಾಡುವ ಆ್ಯಪ್‌ಗಳಿಗೆ 16 ಕೆಬಿ ಬೆಂಬಲ ಇರಲೇಬೇಕು ಅಂತ ಗೂಗಲ್ ಪ್ಲೇ 2025ರ ನವೆಂಬರ್ 1ರಿಂದ ನಿಯಮ ಮಾಡಿದೆ. ನಮ್ಮ ಹಳೇ ಬಾರ್‌ಕೋಡ್ ಲೈಬ್ರರಿ ಇದರಲ್ಲೇ ಸಿಕ್ಕಿಬಿತ್ತು.

ಯಾವ ಫೋನ್‌ನಲ್ಲಿ ಟೆಸ್ಟ್ ಮಾಡಬೇಕು?

ನಿಮ್ಮ ಜೇಬಿನಲ್ಲಿರುವುದರಲ್ಲಿ ಅಲ್ಲ. ನಮ್ಮ ಡ್ರಾಯರ್‌ನಲ್ಲಿ 2 ಜಿಬಿಯ ಒಂದು ಫೋನ್ ಇದೆ, ಒಬ್ಬ ರೈಟರ್ ಹೊಸದು ತೆಗೆದುಕೊಂಡಾಗ ಅವರ ಹಳೆಯದನ್ನು ಕೇಳಿ ತಂದಿದ್ದು. ಗಾಜು ಒಡೆದಿದೆ. ಅದರಲ್ಲಿ ಅವರು ಬಳಸುತ್ತಿದ್ದ ಆ್ಯಪ್‌ಗಳನ್ನೆಲ್ಲ ಹಾಗೇ ಬಿಟ್ಟಿದ್ದೇವೆ, ವಾಟ್ಸ್‌ಆ್ಯಪ್ ಸಮೇತ. ಖಾಲಿ ಫೋನ್‌ನಲ್ಲಿ ಟೆಸ್ಟ್ ಮಾಡಿದರೆ ಖಾಲಿ ಫೋನ್‌ನ ಉತ್ತರ ಸಿಗುತ್ತದೆ.

ಒಂದು ಸ್ಕ್ರೀನ್ ತೆರೆದು ಮುಚ್ಚುವುದನ್ನು ಇಪ್ಪತ್ತು ಸಲ ಮಾಡಿ. ನಡುನಡುವೆ ಫೋನ್ ತಿರುಗಿಸಿ. ಪ್ರೊಫೈಲರ್‌ನ ಗೆರೆ ಏರಿ ಇಳಿದು ಮೊದಲಿನ ಮಟ್ಟಕ್ಕೆ ಬಂದರೆ ಸರಿ. ಪ್ರತಿ ಸುತ್ತಿಗೂ ಒಂದೊಂದು ಮೆಟ್ಟಿಲು ಏರಿ ಅಲ್ಲೇ ನಿಂತರೆ ಹೀಪ್ ಡಂಪ್ ತೆಗೆಯಿರಿ.

ತೋಟದಿಂದ ಫೋನ್ ಬಂದಾಗ ಮೊದಲು ಏನು ಕೇಳುತ್ತೀರಿ?

"ಎಷ್ಟು ಹೊತ್ತಿಂದ ಆ್ಯಪ್ ತೆರೆದಿತ್ತು?" ಅಂತ. ತೆರೆದ ಕೂಡಲೇ ಬಿದ್ದರೆ ಅದು ಹೆಚ್ಚಾಗಿ ಬೇರೆ ತಪ್ಪು. ಒಂದು ಗಂಟೆ ಬಳಸಿದ ಮೇಲೆ ಬಿದ್ದರೆ ನನ್ನ ಕೈ ತಾನಾಗಿಯೇ ಪ್ರೊಫೈಲರ್ ಕಡೆ ಹೋಗುತ್ತದೆ. ಆಮೇಲೆ, ಬೀಳುವ ಮುಂಚೆ ಕ್ಯಾಮೆರಾ ತೆರೆದಿದ್ದರಾ, ವಾಟ್ಸ್‌ಆ್ಯಪ್ ನೋಡಿ ಬಂದರಾ ಅಂತ ಕೇಳುತ್ತೇನೆ. ಸಿಗ್ನಲ್ ಇರುವ ಕಡೆ ಬಂದಾಗ ಆ್ಯಪ್ ಒಮ್ಮೆ ತೆರೆಯಿರಿ ಅಂತಲೂ ಹೇಳುತ್ತೇನೆ. ಕ್ರ್ಯಾಶ್ ರಿಪೋರ್ಟ್ ಹೊರಡುವುದು ಸಾಮಾನ್ಯವಾಗಿ ಮುಂದಿನ ಸಲ ಆ್ಯಪ್ ತೆರೆದಾಗ, ಅದೂ ನೆಟ್ ಇದ್ದರೆ. "ನಾಡಿದ್ದು ಗೋಣಿಕೊಪ್ಪಕ್ಕೆ ಹೋಗ್ತೀನಿ ಸಾರ್, ಆಗ ತೆರೀತೀನಿ" ಅನ್ನುತ್ತಾರೆ. ಅಲ್ಲಿಯವರೆಗೆ ತೂಕವನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ ಅಂತ ಹೇಳಿ ಫೋನ್ ಇಡುತ್ತೇನೆ.